ಗೇಣುದ್ದದ ತಂತಿ

ನೆರಳಿನ ಬಗ್ಗೆಯೂ ನೀವು ಏನೋ ಹೇಳಿದ್ದಿರಂತೆ. ಬಿಸಿಲಿನ ಬಗ್ಗೆ ಹೇಳಿದ್ದೆಲ್ಲ ನಮಗೆ ಬಾಯಿಪಾಠವಿದೆ. ನೆರಳಿನ ಮಾತು ಮಾತ್ರ ಅರ್ಧ ಉಳಿದಿದೆ. ನನ್ನ ಅಜ್ಜ, ಅಂದರೆ ನಿಮ್ಮ ಮಗ ಕಾಳಪ್ಪ, ಕೊನೆಯ ದಿನಗಳಲ್ಲಿ ಗೋಡೆಗೆ ಒರಗಿ ಕೂತು, “ನೆಳ್ಳಾಗ ಇಡಬ್ಯಾಡ್ರಿ ಅಂತಿದ್ಲು ಅವ್ವ. ನೆಳ್ಳಾಗ ಇಟ್ರ...” ಎಂದು ಶುರುಮಾಡಿ ಮುಂದಿನದನ್ನು ಹುಡುಕುತ್ತ ಬೆರಳು ಆಡಿಸುತ್ತಿದ್ದ. “ಇಟ್ರ ಏನೋ ಆಕ್ಕೈತಿ ಅಂದಿದ್ಲು. ಏನದು?” ಆಗ ನನಗೆ ಇಪ್ಪತ್ತು ವರ್ಷ. ಕಳವಾಗುತ್ತದೆ ಎಂದಿರಬೇಕು ಎಂದು ನಾನೇ ಅವನ ವಾಕ್ಯ ಮುಗಿಸಿಕೊಟ್ಟೆ. ಅವನು ಹೂಂ ಎಂದ. ಮೂವತ್ತಮೂರು ವರ್ಷ ಆ ವಾಕ್ಯ ಹಾಗೆಯೇ ನಡೆಯಿತು.

ಇಂದು ಕಟ್ಟೆಯ ನೂರಾ ಹದಿನೆಂಟನೆಯ ವರ್ಷ, ಗಾಜು ತೊಳೆದ ಮೂರನೆಯ ದಿನ, ಎರಡನೆಯ ತಿರುವು. ಈ ತಾರೀಖು ನಿಮಗೆ ಅರ್ಥವಾಗದಿದ್ದರೆ ಕ್ಷಮಿಸಬೇಕು. ಲೆಕ್ಕ ಶುರುವಾದದ್ದು ನಿಮ್ಮಿಂದಲೇ, ಆದರೆ ಅದು ಇಲ್ಲಿಯವರೆಗೆ ಬರುತ್ತದೆ ಎಂದು ನೀವು ಎಣಿಸಿರಲಿಕ್ಕಿಲ್ಲ. ಗಡಿಯಾರದ ಗಂಟೆಗಳನ್ನು ನಾವು ಬಿಟ್ಟಿದ್ದೇವೆ. ಬಿಸಿಲಿನಿಂದ ಕರೆಂಟು ತೆಗೆಯುವ ಫಲಕಗಳನ್ನು ದಿನಕ್ಕೆ ಮೂರು ಸಲ ಸೂರ್ಯನ ಕಡೆಗೆ ತಿರುಗಿಸುತ್ತೇವೆ, ಆ ಮೂರು ತಿರುವುಗಳೇ ನಮ್ಮ ಹೊತ್ತು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಬಹುದು. ನಿಮ್ಮವೂ ನನಗೆ ಹಾಗೆಯೇ ಕೇಳಿದವು; ಹೋದ ತಿಂಗಳು ನಿಮ್ಮ ನೋಟ್‌ಬುಕ್ಕಿನಲ್ಲಿ ‘ಡಿಸ್‌ಪ್ಲೇ’ ಎಂಬ ಮಾತನ್ನು ಓದಿ ಅದೊಂದು ಊರಿನ ಹೆಸರಿರಬೇಕು ಎಂದುಕೊಂಡೆ. ನಾನು ಮಾನಪ್ಪ ಬಡಿಗೇರ, ನಿಮ್ಮ ಮರಿಮಗ, ಕರಿಬಂಡೆ ಊರಿನ ಬಿಸಿಲುಕಟ್ಟೆಯ ನಾಲ್ಕನೆಯ ಕಾವಲಿನವನು. ಮೊದಲನೆಯವರು ನೀವು, ಸಾವಂತ್ರೆವ್ವ ಬಡಿಗೇರ. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ನಿಮ್ಮದು ಇಷ್ಟು ಮುಂದಕ್ಕೆ ಬಂದಿತಲ್ಲ.

ನೀವು ಬಿಟ್ಟುಹೋದದ್ದು ಈಗ ಹೇಗಿದೆ ಎಂದು ಮೊದಲು ಹೇಳುತ್ತೇನೆ. ಊರ ಮಧ್ಯದ ಕಪ್ಪು ಬಂಡೆಯ ಮೇಲೆ ಅರವತ್ತೊಂದು ಫಲಕಗಳಿವೆ, ಹೆಚ್ಚಿನವು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡವು. ಬೆಳಗ್ಗೆ ಮೊದಲ ತಿರುವಿನ ಗಂಟೆ ಹೊಡೆಯುವ ಹೊತ್ತಿಗೆ ಮನೆಗೊಬ್ಬರಂತೆ ತಮ್ಮ ಸಾಮಾನು ತರುತ್ತಾರೆ. ಕೈದೀಪ, ರೇಡಿಯೊ, ಎದೆ ಬಡಿತ ನೋಡುವ ಪಟ್ಟಿ, ಸತ್ತವರ ಮಾತು ತುಂಬಿಟ್ಟ ದನಿಡಬ್ಬಿ, ಕಿವಿಯಂತ್ರ. ಮೈಗೆ ತೊಡುವಂಥವಕ್ಕೆ ಮೊದಲ ಬಿಸಿಲು, ದೀಪಗಳಿಗೆ ಎರಡನೆಯದು, ಹಾಡು-ಮಾತಿನವಕ್ಕೆ ಮೂರನೆಯದು. ಪ್ರತಿಯೊಂದನ್ನೂ ಅದರ ತಗಡಿನ ತಟ್ಟೆಯಲ್ಲಿ, ಮುಖ ಮೇಲಾಗಿ, ಮನೆಯ ಬಣ್ಣದ ದಾರ ಕಟ್ಟಿ, ಫಲಕದ ಮಗ್ಗುಲಲ್ಲೇ ಬಂಡೆಯ ಮೇಲೆ ಇಡಬೇಕು. ಮೋಡ ಬಂದರೆ ನಾನು ತಂತಿ ಕಳಚಿ ಕಾಯುತ್ತೇನೆ, ಹೋದ ಮೇಲೆ ಮತ್ತೆ ಸೇರಿಸುತ್ತೇನೆ. ಮಧ್ಯೆ ಮಧ್ಯೆ ಬಟ್ಟೆಯಿಂದ ಧೂಳು ಒರೆಸುವುದು, ಒಂಬತ್ತು ದಿನಕ್ಕೊಮ್ಮೆ ಗಾಜು ತೊಳೆಯುವುದು. ಬೇಸಿಗೆಯಲ್ಲಿ ಎರಡನೆಯ ತಿರುವಿನ ಹೊತ್ತಿಗೆ ಬಂಡೆಯ ಮೇಲೆ ಬರಿಗಾಲಿಡಲಾಗದು. ನಾನು ಗೋಣಿಯ ಚೂರನ್ನು ನೆನೆಸಿ ಕಾಲಿಗೆ ಕಟ್ಟಿಕೊಂಡು ಓಡಾಡುತ್ತೇನೆ. ತಟ್ಟೆ ಎತ್ತುವಾಗ ಬೆರಳು ಚುರ್ ಎನ್ನುತ್ತದೆ. ಇಪ್ಪತ್ತೆರಡು ವರ್ಷ ಹಾಗೆ ಬೆರಳು ಸುಟ್ಟುಕೊಂಡು ಬಾಯಲ್ಲಿಟ್ಟುಕೊಂಡಿದ್ದೇನೆ. ನನ್ನ ಬೆರಳಿನ ಉರಿಯೇ ತಟ್ಟೆಯಲ್ಲಿದ್ದ ವಸ್ತುವಿಗೂ ಇದ್ದೀತು ಎಂದು ಒಂದು ದಿನವಾದರೂ ಅನ್ನಿಸಲಿಲ್ಲ.

ಕಟ್ಟೆಯ ಪಕ್ಕ ಹಾದುಹೋಗುವವರು ಯಾರೇ ಆಗಲಿ ಒಂದು ಕ್ಷಣ ನಿಂತು, ತಟ್ಟೆಗಳ ಸಾಲಿನ ಮೇಲೆ ಕಣ್ಣಾಡಿಸಿ, “ಕಂಡೆ” ಎಂದು ಗಟ್ಟಿಯಾಗಿ ಹೇಳಿ ಮುಂದೆ ಹೋಗಬೇಕು. ಇದೂ ನೀವೇ ಮಾಡಿದ ಕಟ್ಟಳೆ. ಎಲ್ಲರದೂ ಎಲ್ಲರ ಕಣ್ಣೆದುರು ಇದೆ ಎಂಬುದಕ್ಕೆ ಊರೇ ಸಾಕ್ಷಿ. ಈಗ ಅದು ಸಾಕ್ಷಿಯಾಗಿ ಉಳಿದಿಲ್ಲ, ನಮಸ್ಕಾರದ ಹಾಗೆ ಆಗಿದೆ. ಹೆಂಗಸರು ಕೊಡ ಹೊತ್ತು ಹೋಗುತ್ತ ಕಂಡೆ ಎನ್ನುತ್ತಾರೆ, ಜಗಳವಾಡುತ್ತ ಹೋಗುವವರು ಜಗಳ ನಿಲ್ಲಿಸಿ ಕಂಡೆ ಎಂದು ಮತ್ತೆ ಶುರುಮಾಡುತ್ತಾರೆ. ನೂರಾ ಹದಿನೆಂಟು ವರ್ಷದಲ್ಲಿ ಕಟ್ಟೆಯಿಂದ ಒಂದು ದಾರದ ಎಳೆಯೂ ಕಳುವಾಗಿಲ್ಲ. ಕಂಬದ ಕರೆಂಟು ನಿಂತ ವರ್ಷ ಒಂದು ಕೈದೀಪಕ್ಕಾಗಿ ಇದೇ ಊರಿನಲ್ಲಿ ಒಬ್ಬನ ತಲೆ ಒಡೆದಿತ್ತು, ನೆರೆಹೊರೆಯವರು ಒಬ್ಬರ ಮನೆಯನ್ನೊಬ್ಬರು ಶೋಧಿಸಿದ್ದರು ಎಂದು ಮಕ್ಕಳಿಗೆ ಈಗಲೂ ಹೇಳುತ್ತೇವೆ. ಆಗ ಮೊಬೈಲ್ ರಿಪೇರಿ ಅಂಗಡಿಯ ಸಾವಂತ್ರೆವ್ವ ತನ್ನ ಅಂಗಡಿಯ ಫಲಕಗಳನ್ನೆಲ್ಲ ಹೊತ್ತು ತಂದು ಬಂಡೆಯ ಮೇಲಿಟ್ಟಳು ಎಂದು ಹೇಳುವಾಗ ಮಕ್ಕಳು ಬಂಡೆಯ ಕಡೆಗೆ ತಿರುಗಿ ಕೈ ಮುಗಿಯುತ್ತಾರೆ.

ಅವರು ಕೈ ಮುಗಿಯುವ ಜಾಗದಲ್ಲಿ ನಿಮ್ಮ ಗೇಣು ಇದೆ. ನೀವು ಹೆಬ್ಬೆರಳು ಕಿರುಬೆರಳು ಚಾಚಿ ಬಂಡೆಯ ಮೇಲೆ ಇಟ್ಟಿರಿ, ಯಾರೋ ಉಳಿಯಿಂದ ಎರಡು ಗೆರೆ ಕೊರೆದರು. ಫಲಕದಿಂದ ವಸ್ತುವಿಗೆ ಹೋಗುವ ತಂತಿ ಅದಕ್ಕಿಂತ ಉದ್ದ ಇರಬಾರದು. ಹೊಸ ತಂತಿ ಬಂದರೆ ಮೊದಲು ಆ ಗೆರೆಗಳ ಮೇಲಿಟ್ಟು ಅಳೆದು ಮಿಕ್ಕದ್ದನ್ನು ಕತ್ತರಿಸುತ್ತೇವೆ. ಉದ್ದ ತಂತಿಯಲ್ಲಿ ಬಿಸಿಲು ದಾರಿಯಲ್ಲೇ ಸೋರಿಹೋಗುತ್ತದೆ, ವಸ್ತು ತನಗೆ ಬಿಸಿಲು ಕೊಡುವ ಫಲಕದ ಮಗ್ಗುಲಲ್ಲೇ ಕೂತು ತಾನೂ ಸೂರ್ಯನನ್ನು ನೋಡಬೇಕು ಎಂದು ನನ್ನ ಅಪ್ಪ ಕಲಿಸಿದ್ದ. ನಾನೂ ಹಾಗೇ ನಂಬಿದೆ. ಗೇಣುದ್ದದ ತಂತಿ ಹಾಕಿದರೆ ಯಾವ ವಸ್ತುವನ್ನೂ ನೆರಳಿಗೆ ಎಳೆಯಲಾಗದು ಎಂಬ ಸರಳ ಸಂಗತಿ ನನಗೆ ಹೊಳೆದದ್ದು ಹೋದ ತಿಂಗಳು.

ನನ್ನ ಹೆಂಡತಿ ನೀಲವ್ವನಿಗೆ ಹುಟ್ಟಿನಿಂದ ಕಿವಿ ಮಂದ. ಯಂತ್ರವಿಲ್ಲದಿದ್ದರೆ ಗುಡುಗೂ ಅವಳಿಗೆ ನೆಲದ ನಡುಕವಾಗಿಯೇ ಗೊತ್ತಾಗುವುದು. ಮದುವೆಯಾದಂದಿನಿಂದ ಅವಳ ಕಿವಿಯಂತ್ರವನ್ನು ಮೊದಲ ಬಿಸಿಲಿಗೆ ಇಡುವುದು ನನ್ನ ಕೈಯ ಕೆಲಸ. ಬಂಡೆಯ ಮೇಲೆ ಎಲ್ಲಿ ಬಿಸಿಲು ಮೊದಲು ಬೀಳುತ್ತದೋ ಆ ಜಾಗವನ್ನು ಅವಳಿಗೆಂದೇ ಹಿಡಿದಿದ್ದೆ. ಕಾವಲಿನವನಿಗೆ ಅಷ್ಟು ಹಕ್ಕಿದೆ. ಯಂತ್ರದೊಳಗಿನ ಬಿಲ್ಲೆ, ಅಂದರೆ ನೀವು ಬ್ಯಾಟರಿ ಎನ್ನುತ್ತಿದ್ದದ್ದು, ಐದಾರು ವರ್ಷ ಬಾಳುತ್ತಿತ್ತು. ಆಮೇಲೆ ಕರಾವಳಿಯ ಕಡೆಯಿಂದ ಬರುವ ಮಾರಾಟಗಾರರು ಹೊಸದು ತರುತ್ತಿದ್ದರು. ಬಿಲ್ಲೆಗೆ ಆಯಸ್ಸೇ ಅಷ್ಟು ಎಂದು ನಾವೆಲ್ಲ ತಿಳಿದಿದ್ದೆವು. ಒಂಬತ್ತು ವರ್ಷವಾಯಿತು, ಅವರು ಬಂದಿಲ್ಲ. ಎಲ್ಲೂ ಈಗ ಯಾರೂ ಬಿಲ್ಲೆ ಮಾಡುತ್ತಿಲ್ಲ ಎನ್ನುತ್ತಾರೆ. ಕೊನೆಯ ಡಬ್ಬಿಯಿಂದ ಅವಳ ಯಂತ್ರಕ್ಕೆ ಹಾಕಿದ ಕೊನೆಯ ಬಿಲ್ಲೆ ಮೊದಮೊದಲು ಎರಡು ದಿನ ತಾಳುತ್ತಿತ್ತು. ಈಗ ಮೊದಲ ತಿರುವಿನಲ್ಲಿ ತುಂಬಿದರೆ ಮೂರನೆಯ ತಿರುವಿಗೆ ಮುಂಚೆಯೇ ಬರಿದಾಗುತ್ತದೆ. ಮಾತಿನ ಮಧ್ಯೆ ಅವಳ ಕಣ್ಣು ನನ್ನ ತುಟಿಗೆ ಬಂದು ನಿಂತಿತೆಂದರೆ ಯಂತ್ರ ನಿಂತಿತು ಎಂದು ಅರ್ಥ. “ಇವತ್ತಿಂದು ಮುಗೀತು, ಬೈಯೂದಿದ್ರ ನಾಳೆ ಬೈರಿ” ಎಂದು ನಗುತ್ತ ಏಳುತ್ತಿದ್ದಳು.

ಹೋದ ತಿಂಗಳು ಆಲಿಕಲ್ಲು ಬಿದ್ದು ಒಂದನೆಯ ಫಲಕ ಒಡೆಯಿತು. ಒಂದು ಕಾಲಕ್ಕೆ ನಿಮ್ಮ ಅಂಗಡಿಯ ಮಾಡಿನ ಮೇಲಿದ್ದ ಆ ಫಲಕ ಎಷ್ಟೋ ಕಾಲದಿಂದ ಏನನ್ನೂ ತುಂಬುತ್ತಿರಲಿಲ್ಲ, ಗೌರವಕ್ಕೆಂದು ಇತ್ತು. ಚೌಕಟ್ಟು ಬಿಚ್ಚಿದಾಗ ಅದರ ಬೆನ್ನಿನ ಹಲಗೆಯ ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಅಂಟಿಸಿದ ನಿಮ್ಮ ನೋಟ್‌ಬುಕ್ಕು ಸಿಕ್ಕಿತು. ಕಾವಿಗೆ ಹಾಳೆಗಳು ಹಪ್ಪಳದ ಬಣ್ಣಕ್ಕೆ ತಿರುಗಿದ್ದವು. ಮೊದಲ ಪುಟಗಳಲ್ಲಿ ಅಂಗಡಿಗೆ ತರಬೇಕಾದ ಸಾಮಾನಿನ ಪಟ್ಟಿ. ಅದನ್ನೂ ನಾನು ದೇವರ ಪುಸ್ತಕದಂತೆ ತೊಡೆಯ ಮೇಲಿಟ್ಟುಕೊಂಡು ಓದಿದೆ. ಆಮೇಲೆ ಈ ಪುಟ ಬಂತು. ನಿಮ್ಮದೇ ಮಾತನ್ನು ನಿಮಗೆ ಬರೆದು ತೋರಿಸುತ್ತಿದ್ದೇನೆ, ಮರೆತಿದ್ದರೆ ಇರಲಿ ಎಂದು.

“ಬಿಸಿಲಾಗ ಇಟ್ರ ಬ್ಯಾಟರಿ ಜಲ್ದಿ ಸಾಯ್ತಾವು. ನೋಡೇನಿ. ಒಂದೇ ಡಬ್ಬಿ ಆರು ಬ್ಯಾಟರಿ. ಮೂರು ಬಂಡೆ ಮ್ಯಾಲೆ, ಮೂರು ಉದ್ದ ವೈರು ಹಾಕಿ ಮಡಕ್ಯಾಗ. ಬಂಡೆ ಮ್ಯಾಲಿನವು ಎರಡು ಬ್ಯಾಸಿಗಿಗೆ ಅರ್ಧಕ್ಕ ಇಳದ್ವು. ಮಡಕ್ಯಾಗಿನವು ಹಂಗೇ ಅದಾವು. ಯಾರಿಗೂ ಹೇಳಿಲ್ಲ. ಮಡಕ್ಯಾಗ ಇಟ್ರ ಕಾಣಂಗಿಲ್ಲ, ಕಾಣಲಿಲ್ಲಂದ್ರ ಮತ್ತ ಬಡದಾಟ. ಬ್ಯಾಟರಿ ಬೇಕಾದಷ್ಟು ಬರ್ತಾವು. ನಾಳಿಗೆ: ಟೇಪು, ಸೋಲ್ಡರ್ ತಂತಿ, ಕಾಳನ ಕೆಮ್ಮಿನ ಔಷಧ.”

ಅಷ್ಟೇ. ಅದರ ಕೆಳಗೆ ಕ್ಷಮೆಯೂ ಇಲ್ಲ, ಗೆರೆಯೂ ಇಲ್ಲ. ಮುಂದಿನ ಪುಟದಲ್ಲಿ ಮತ್ತೆ ಸಾಮಾನಿನ ಪಟ್ಟಿ.

ನಾನು ಸಿಟ್ಟಿನ ಮನುಷ್ಯ ಅಲ್ಲ. ಸಿಟ್ಟು ಬಂದರೂ ಅದು ನನ್ನ ಹತ್ತಿರ ತಡವಾಗಿ, ಬೇರೆ ಯಾರದೋ ಮನೆಯಿಂದ ಬಂದಂತೆ ಬರುತ್ತದೆ. ಆ ದಿನ ಮೊದಲು ಬಂದದ್ದು ಲೆಕ್ಕ. ನನ್ನ ಅಪ್ಪನ ಬಡಿತಪಟ್ಟಿ ನಿಂತದ್ದು, ಅದು ನಿಂತದ್ದು ತಿಳಿಯದೆ ಅವನು ಏಣಿ ಹತ್ತಿ ಎದೆ ನಿಂತು ಬಿದ್ದದ್ದು. ನನ್ನ ಅವ್ವನ ಕಿವಿಯಂತ್ರ ಅವಳಿಗಿಂತ ನಾಲ್ಕು ವರ್ಷ ಮೊದಲೇ ಸತ್ತದ್ದು, ಆ ನಾಲ್ಕು ವರ್ಷ ಅವಳ ಮುಂದೆ ನಾವು ಬಾಯಿ ಬಾಯಿ ಆಡಿಸಿದ್ದು. ನೀಲವ್ವನಿಗೆಂದು ನಾನು ಹಟ ಹಿಡಿದು ಉಳಿಸಿಕೊಂಡ, ಬಿಸಿಲು ಎಲ್ಲಕ್ಕಿಂತ ಮೊದಲು ಬಂದು ಎಲ್ಲಕ್ಕಿಂತ ಕೊನೆಗೆ ಬಿಡುವ ಆ ಜಾಗ. ಪ್ರೀತಿ ಎಂದು ನಾನು ಮಾಡಿದ್ದ ಒಂದೇ ಒಂದು ಕೆಲಸ ಅದು. ಅದನ್ನು ನನ್ನ ಕೈಯಿಂದ ನೀವು ಮಾಡಿಸಿದಿರಿ. ಕರಾವಳಿಯ ಮಾರಾಟಗಾರರು ನಮಗೆ ಏನೂ ಮಾತು ಕೊಟ್ಟಿರಲಿಲ್ಲ. ಅವರು ಬರಲಿಲ್ಲ, ಅಷ್ಟೇ. ನೀವು ಮಾತು ಕೊಟ್ಟಿದ್ದಿರಿ, ಅದನ್ನು ಕಲ್ಲಿನ ಮೇಲೆ ಕೊರೆಸಿದ್ದಿರಿ.

ಆದರೂ ಆ ಸಂಜೆ ನಾನು ನೋಟ್‌ಬುಕ್ಕನ್ನು ಯಾರಿಗೂ ತೋರಿಸಲಿಲ್ಲ. ಎರಡು ದಿನ ಯೋಚಿಸುತ್ತೇನೆ ಎಂದುಕೊಂಡೆ. ಮೂರನೆಯ ದಿನ ಹುಸೇನಪ್ಪನ ದನಿಡಬ್ಬಿ ನನ್ನ ಕಣ್ಣೆದುರೇ ಉಬ್ಬಿ, ಮುಚ್ಚಳ ಬಿರಿದು ಸತ್ತುಹೋಯಿತು. ಅದರಲ್ಲಿ ತೀರಿಹೋದ ಅವನ ಹೆಂಡತಿಯ ದನಿ ಇತ್ತು. ಸಂತೆಯಿಂದ ಏನೇನು ತರಬೇಕೆಂದು ಹೇಳುವ ಹನ್ನೆರಡು ಮಾತು. ದಿನಾ ಊಟಕ್ಕೆ ಮೊದಲು ಅದನ್ನು ಹಾಕಿ ಕೇಳುತ್ತಿದ್ದ. ತಟ್ಟೆಯನ್ನು ಅವನ ಕೈಗೆ ಕೊಡುವಾಗ ನನ್ನ ಜುಬ್ಬದ ಜೇಬಿನಲ್ಲಿ ನಿಮ್ಮ ನೋಟ್‌ಬುಕ್ಕು ಇತ್ತು. “ಹೋತು ಬಿಡು ಮಾನಪ್ಪ” ಎಂದ. “ಬದುಕಿದ್ದಾಗೂ ಅಕಿ ಮಧ್ಯಾಹ್ನದ ಮ್ಯಾಲೆ ನನ್ನ ಕೂಡ ಮಾತು ಬಿಡ್ತಿದ್ಲು.” ಆಮೇಲೆ ಸಾಲಿನ ಮೇಲೆ ಕಣ್ಣಾಡಿಸಿ, ಅಭ್ಯಾಸದಂತೆ, ಕಂಡೆ ಎಂದು ಹೇಳಿ ಹೋದ.

ಮರುದಿನ ನಾನು ಮಾಡಿದ್ದು ಊರಿಗಾಗಿ ಅಲ್ಲ. ಕಟ್ಟೆಯ ಪಕ್ಕದ ನನ್ನ ಕಾವಲು ಗುಡಿಸಲ ಹಿಂದೆ ಹಳೆಯ ತಂತಿಗಳನ್ನು ಜೋಡಿಸಿ ಎಂಟು ಮೊಳ ಉದ್ದದ ಒಂದು ತಂತಿ ಮಾಡಿದೆ. ಅದನ್ನು ಬಂಡೆಯ ಬಿರುಕಿನಲ್ಲಿ ಇಳಿಸಿ, ಮಣ್ಣು ಮುಚ್ಚಿ, ಗುಡಿಸಲೊಳಗಿನ ಮಡಕೆಗೆ ತಂದೆ. ಮಡಕೆಯ ಸುತ್ತ ಒದ್ದೆ ಬಟ್ಟೆ, ಒಳಗೆ ನೀಲವ್ವನ ಕಿವಿಯಂತ್ರ. ಬಂಡೆಯ ಮೇಲಿನ ಅವಳ ತಟ್ಟೆಯಲ್ಲಿ ನನ್ನ ಅವ್ವನ ಸತ್ತ ಯಂತ್ರವನ್ನು ಇಟ್ಟೆ. ಎರಡೂ ಒಂದೇ ಅಚ್ಚಿನವು. ಅದಕ್ಕೆ ನಮ್ಮ ಮನೆಯ ಕೆಂಪು ದಾರ ಕಟ್ಟಿದೆ, ಗೇಣುದ್ದದ ತಂತಿಯನ್ನೂ ಸೇರಿಸಿದೆ. ಜನ ಬಂದರು, ನೋಡಿದರು, ಕಂಡೆ ಎಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಮೊದಲ ಸಲ ನನ್ನ ಕಿವಿಗೆ ಬಿತ್ತು. ಪ್ರತಿಯೊಬ್ಬರೂ ಇಲ್ಲದ್ದನ್ನು ಕಂಡೆ ಎನ್ನುತ್ತಿದ್ದರು, ನಾನು ಅದಕ್ಕೆ ತಲೆಯಾಡಿಸುತ್ತಿದ್ದೆ. ಎರಡನೆಯ ದಿನದಿಂದ ತಲೆಯಾಡಿಸುವುದು ಕಷ್ಟವಾಗಲಿಲ್ಲ. ನಿಮಗೂ ಎರಡನೆಯ ದಿನದಿಂದಲೇ ಸುಲಭವಾಗಿರಬೇಕು.

ಐದನೆಯ ದಿನ ನೀಲವ್ವ ಬುತ್ತಿ ತೆಗೆದುಕೊಂಡು ಬಂದಳು. ಯಂತ್ರ ತುಂಬುವ ಹೊತ್ತಿನಲ್ಲಿ ಅವಳಿಗೆ ಏನೂ ಕೇಳಿಸದು, ಹಾಗಾಗಿ ಆಗ ಅವಳು ಹೆಚ್ಚು ನೋಡುತ್ತಾಳೆ. ತನ್ನ ತಟ್ಟೆಯ ಮುಂದೆ ನಿಂತಳು, ಬಗ್ಗಿದಳು. ಅವಳ ಯಂತ್ರದ ಅಂಚಿನಲ್ಲಿ ಅರಿಸಿನದ ಕಲೆ ಇದೆ, ನನಗೆ ಅದು ಮರೆತಿತ್ತು. ಎಲ್ಲರಂತೆ ಕಂಡೆ ಎಂದಳು. ಕಿವಿ ಮಂದ ಇರುವವರ ದನಿ ಸ್ವಲ್ಪ ಜೋರು. ರಸ್ತೆಯಲ್ಲಿದ್ದವರೂ ತಿರುಗಿ ನೋಡಿದರು. ಬುತ್ತಿ ಬಿಚ್ಚಿ ರೊಟ್ಟಿ ಮುರಿದು ನನ್ನ ಮುಂದೆ ಇಡುತ್ತ ಅದೇ ದನಿಯಲ್ಲಿ ಕೇಳಿದಳು. “ಅತ್ತೀದು ಬಿಸಲಾಗ ಯಾಕ ಇಟ್ಟೀರಿ? ಅಕಿಗೆ ಇನ್ನೂ ಏನು ಕೇಳಬೇಕಾಗೈತಿ?”

ನಾನು ಅವಳನ್ನು ಗುಡಿಸಲಿಗೆ ಕರೆದುಕೊಂಡು ಹೋಗಿ ಮಡಕೆ ತೋರಿಸಿದೆ, ನಿಮ್ಮ ಪುಟ ತೋರಿಸಿದೆ. ಅವಳು ನಿಧಾನವಾಗಿ ಓದಿದಳು, ಕಾಳನ ಕೆಮ್ಮಿನ ಔಷಧದವರೆಗೂ. ಹುಸೇನಪ್ಪನ ಡಬ್ಬಿ ಒಡೆದದ್ದು ಈ ಪುಟ ಸಿಕ್ಕಿದ್ದಕ್ಕಿಂತ ಮೊದಲೋ ಆಮೇಲೋ ಎಂದು ಬೆರಳಿನಿಂದ ಹಿಂದೆ ಮುಂದೆ ತೋರಿಸಿ ಕೇಳಿದಳು. ಆಮೇಲೆ ಎಂದು ತೋರಿಸಿದೆ. ಯಂತ್ರವನ್ನು ಮಡಕೆಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ತಣ್ಣಗಿತ್ತು ಎಂದು ಅವಳ ಮುಖ ಹೇಳಿತು. ಮತ್ತೆ ಮಡಕೆಯೊಳಗೆ ಇಟ್ಟಳು. “ಊರಂದೆಲ್ಲಾ ಬಿಸಲಾಗ, ನಂದೊಂದು ನೆಳ್ಳಾಗ. ಇದನ್ನ ಹಾಕ್ಕೊಂಡು ನಾನೇನು ಕೇಳ್ಲಿ? ನಿಮ್ಮನ್ನ ನೋಡಿ ಅವರು ಕಂಡೆ ಅನ್ನೂದನ್ನ ಕೇಳ್ಲೇನು? ಊರಿಗೆ ಹೇಳಿದ ದಿನ ಕೊಡ್ರಿ, ಹಾಕ್ಕೋತೇನಿ.”

ಇವತ್ತಿಗೆ ಹನ್ನೊಂದು ದಿನ. ಮಡಕೆಯಲ್ಲಿ ಯಂತ್ರ ತುಂಬಿ ಕೂತಿದೆ. ಅವಳು ಮಾತಾಡುತ್ತಾಳೆ, ಅಡುಗೆ, ಬಟ್ಟೆ, ಹುಸೇನಪ್ಪ ಊಟ ಸರಿಯಾಗಿ ಮಾಡುತ್ತಿಲ್ಲವೆಂಬ ಸುದ್ದಿ. ನಾನು ಉತ್ತರ ಕೊಡುತ್ತೇನೆ. ಅವಳು ನನ್ನ ತುಟಿ ನೋಡುವುದಿಲ್ಲ. ಮನೆಯಲ್ಲಿ ನನ್ನ ದನಿ ನನಗೊಬ್ಬನಿಗೇ ಇದೆ. ಮೊದಲು ಇದು ಹಟ ಎಂದುಕೊಂಡೆ. ಆಮೇಲೆ, ನಾಲ್ಕು ವರ್ಷ ಬಾಯಿ ಬಾಯಿ ಆಡಿಸಿದ ನಮ್ಮನ್ನು ನನ್ನ ಅವ್ವ ಹೇಗೆ ನೋಡುತ್ತಿದ್ದಳೋ ಅದು ನೆನಪಾಯಿತು.

ನಿಮ್ಮ ಭಯ ಸುಳ್ಳಾಗಿರಲಿಲ್ಲ, ಅದೇ ನನ್ನನ್ನು ಹನ್ನೊಂದು ದಿನ ತಡೆದದ್ದು. ಅರವತ್ತೊಂದು ಮಡಕೆ, ಅರವತ್ತೊಂದು ಮುಚ್ಚಳ. ಯಾರ ಮಡಕೆಯಲ್ಲಿ ಏನಿದೆಯೋ ಕಾಣದು. ಮೊದಲ ವಾರದಲ್ಲೇ ಯಾರೋ ಮುಚ್ಚಳ ತೆಗೆದು ನೋಡುತ್ತಾರೆ, ನೋಡಿದ್ದನ್ನು ಇನ್ನೊಬ್ಬರು ನೋಡುತ್ತಾರೆ. ಕಂಡೆ ಎನ್ನಲು ಏನೂ ಇರುವುದಿಲ್ಲ. ಸತ್ತ ಬಿಲ್ಲೆಗಳು ಹೇಗೂ ಬದುಕುವುದಿಲ್ಲ. ಉಳಿದವು ಇನ್ನು ಆರು ವರ್ಷ ಹೆಚ್ಚು ಬಾಳಬಹುದು, ಎಂಟು ಬಾಳಬಹುದು. ಅಷ್ಟಕ್ಕಾಗಿ ನೂರಾ ಹದಿನೆಂಟು ವರ್ಷದ್ದನ್ನು ಮುರಿಯಬೇಕೇ ಎಂದು ನನ್ನನ್ನೇ ಕೇಳಿಕೊಳ್ಳುವಾಗ ಆ ದನಿ ನಿಮ್ಮದೇ ಎಂದು ಗೊತ್ತಾಗಿ ಬೆಚ್ಚಿದೆ. ಊರು ಏನನ್ನು ತಾಳುತ್ತದೆ, ಏನನ್ನು ತಾಳುವುದಿಲ್ಲ ಎಂಬುದನ್ನು ನೀವು ಊರನ್ನು ಕೇಳಲೇ ಇಲ್ಲ. ನಾನೂ ಕೇಳಿಲ್ಲ.

ನಿನ್ನೆ ಕುಂಬಾರರ ಯಂಕೋಬನಿಗೆ ಅರವತ್ತು ಮಡಕೆ ಬೇಕು ಎಂದು ಹೇಳಿಬಂದಿದ್ದೇನೆ. “ಯಾರದರ ಮದುವಿ ಐತೇನಣ್ಣ?” ಎಂದ. ನಾಳೆ ಬಂದರೆ ಗೊತ್ತಾಗುತ್ತದೆ ಎಂದೆ. ನಾಳೆ ಮೊದಲ ತಿರುವಿಗೆ ಜನ ತಟ್ಟೆ ಹಿಡಿದು ಬಂದಾಗ ಗಂಟೆ ಹೊಡೆಯುವುದಿಲ್ಲ. ನಿಮ್ಮ ಪುಟವನ್ನು ನಿಮ್ಮ ಗೇಣಿನ ಗೆರೆಯ ಮೇಲೆ ನಿಂತು ಓದುತ್ತೇನೆ. ಆಮೇಲೆ ನನ್ನದೂ ಹೇಳುತ್ತೇನೆ, ಅವ್ವನ ಯಂತ್ರವನ್ನು ತಟ್ಟೆಯಿಂದ ಎತ್ತಿ ತೋರಿಸಿ. ಹುಸೇನಪ್ಪನನ್ನು ಮುಂದೆ ನಿಲ್ಲಲು ಕೇಳಿಕೊಂಡಿದ್ದೇನೆ, ಏಕೆಂದು ಹೇಳಿಲ್ಲ. ಅವನು ನನ್ನನ್ನು ಹೊಡೆಯಬಹುದು, ಅಥವಾ ತಮಾಷೆ ಮಾಡಬಹುದು. ಎರಡನೆಯದನ್ನು ತಾಳುವುದು ಕಷ್ಟ. ಕಾವಲು ನನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದು ಕಾಣುತ್ತದೆ. ಮಕ್ಕಳು ಆ ಬಂಡೆಗೆ ಮತ್ತೆ ಕೈ ಮುಗಿಯುತ್ತಾರೋ ಇಲ್ಲವೋ, ಅದನ್ನು ನಾನು ಹೇಳಲಾರೆ. ನೀಲವ್ವ ಬರುತ್ತಾಳೆ. ಯಂತ್ರವನ್ನು ನನ್ನ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ. ಅವಳು ಅಲ್ಲೇ ಕೈ ಚಾಚುತ್ತಾಳೋ, ಮನೆಗೆ ಹೋದ ಮೇಲೆ ಚಾಚುತ್ತಾಳೋ ಗೊತ್ತಿಲ್ಲ. ಅಲ್ಲೇ ಚಾಚಲಿ, ಜನ ನನ್ನ ಮೇಲೆ ಕೂಗಾಡುವುದು ಅವಳಿಗೆ ಕೇಳಲಿ ಎಂದು ನನಗೇ ಆಸೆಯಿದೆ.

ಈ ಕಾಗದವನ್ನು ಎಲ್ಲಿಡಬೇಕೆಂದು ಬೆಳಗ್ಗೆಯಿಂದ ನೋಡುತ್ತಿದ್ದೇನೆ. ಒಡೆದ ಫಲಕದ ಚೌಕಟ್ಟು ಗೋಡೆಗೆ ಒರಗಿದೆ, ಅದರ ಬೆನ್ನಿನಲ್ಲಿ ನಿಮ್ಮ ಟೇಪಿನ ಗುರುತು ಇನ್ನೂ ಅಂಟಂಟಾಗಿದೆ. ಅಲ್ಲಿ ಬಚ್ಚಿಡುವುದು ಬೇಡ ಎನ್ನಿಸಿತು. ನಾಳೆ ಓದಿದ ಮೇಲೆ ಇದೂ ಆ ನೋಟ್‌ಬುಕ್ಕೂ ಕಟ್ಟೆಯ ಮೇಲೆ, ಕಲ್ಲು ಹೇರಿ, ಎಲ್ಲರ ಕಣ್ಣೆದುರು ಇರುತ್ತವೆ.

ಒಂದು ಮಾತು ಮಾತ್ರ ನನಗೆ ಬಗೆಹರಿಯಲಿಲ್ಲ. ಆ ಪುಟವನ್ನು ಹರಿದು ಒಲೆಗೆ ಹಾಕುವುದು ನಿಮಗೆ ಕ್ಷಣದ ಕೆಲಸವಾಗಿತ್ತು. ನೀವು ಹರಿಯಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ಹೋಗದಂತೆ ಅಂಚು ಮಡಿಸಿ, ಇಡೀ ಊರಿನಲ್ಲಿ ಯಾರೂ ಬಿಚ್ಚದ ಒಂದೇ ಫಲಕದ ಬೆನ್ನಿಗೆ ಅಂಟಿಸಿದಿರಿ. ಹೇಳಿ ಸಾವಂತ್ರೆವ್ವಜ್ಜಿ, ಗಾಜು ಒಡೆದ ದಿನ ಯಾರಾದರೂ ಓದಲಿ ಎಂದು ಇಟ್ಟಿರೋ, ಆ ಗಾಜು ಎಂದಿಗೂ ಒಡೆಯುವುದಿಲ್ಲ ಎಂದು ಇಟ್ಟಿರೋ?